ಮರಿಚೀಲ

ತ್ರಿಶಲಾ ಕೆಲಸಕ್ಕೆ ಸೇರಿ ಒಂದೂವರೆ ತಿಂಗಳಾಗಿತ್ತು. ಅಷ್ಟರಲ್ಲಿ ಮೂವತ್ತೆಂಟು ಚೀಲಗಳ ಚಿತ್ರ ಬರೆದಿದ್ದಳು. ಒಂದೂ ಹೊಲಿಗೆ ಮಷಿನ್ನಿನವರೆಗೆ ಹೋಗಿರಲಿಲ್ಲ.

ಕಾಕಾಸಾಹೇಬರ ಚೀಲದ ಕಾರ್ಖಾನೆ ನಿಪ್ಪಾಣಿಯ ಒಂದು ಹಳೆಯ ತಂಬಾಕಿನ ಗೋದಾಮಿನಲ್ಲಿತ್ತು. ಮಳೆಗಾಲದಲ್ಲಿ ಗೋಡೆ ನೆನೆದರೆ ಇವತ್ತಿಗೂ ತಂಬಾಕಿನ ಘಾಟು ಬರುತ್ತಿತ್ತು. ಇಪ್ಪತ್ತು ವರ್ಷ ಅವರು ಕೊಲ್ಹಾಪುರದ ಅಂಗಡಿಯವರು ಕೇಳಿದ್ದನ್ನು ಹೊಲಿದು ಕೊಟ್ಟಿದ್ದರು: ಶಾಲೆಯ ಚೀಲ, ಊಟದ ಡಬ್ಬಿಯ ಚೀಲ, ಬೈಕಿನ ಎರಡೂ ಬದಿಗೆ ಇಳಿಬಿಡುವ ಚೀಲ. ಈಗ ಆ ಅಂಗಡಿಗಳಿಗೆ ಬೇರೆ ಕಡೆಯಿಂದ ಸಸ್ತಾ ಮಾಲು ಬರುತ್ತಿತ್ತು. ನಮ್ಮದೇ ಅನ್ನುವ ಒಂದು ಚೀಲ ಬೇಕು ಎಂದು ಕಾಕಾಸಾಹೇಬರಿಗೆ ಅನಿಸಿದ್ದು ಆಗ. ಕಾಗವಾಡದ ಕಡೆಯ ದ್ರಾಕ್ಷಿ ತೋಟದವರ ಮಗಳೊಬ್ಬಳು ಪುಣೆಯಲ್ಲಿ ಪ್ರಾಡಕ್ಟ್ ಡಿಸೈನ್ ಓದಿ ಬಂದಿದ್ದಾಳೆ, ನಿಪ್ಪಾಣಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಳೆ ಎಂದು ಬಸದಿಯಲ್ಲಿ ಯಾರೋ ಹೇಳಿದ್ದು ಕೇಳಿ, ಕರೆಸಿ, ಕಿಟಕಿಯ ಪಕ್ಕ ಒಂದು ಟೇಬಲ್ಲು ಹಾಕಿಸಿ ಕೊಟ್ಟಿದ್ದರು.

ಅವಳು ತೋರಿಸಿದ ಒಂದೊಂದು ಚಿತ್ರವನ್ನೂ ಅವರು ಕನ್ನಡಕ ಏರಿಸಿ ನೋಡುತ್ತಿದ್ದರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ.

“ಭಾಳ ಛಂದ ಐತಿ. ಆದ್ರ ಇದನ್ನ ಹೆಗಲಿಗಿ ಹಾಕ್ಕೊಳ್ಳಾವ್ರು ಯಾರು? ಅವರ ಹೆಸರು ಹೇಳು, ಸಾಕು.”

ಹೆಸರು ಹೇಳಲು ಅವಳಿಗೆ ಆಗುತ್ತಿರಲಿಲ್ಲ. ಫೋನಿನಲ್ಲಿ ಯಾವ ಯಾವ ದೇಶದವರೋ ಮಾಡಿದ ಚೀಲಗಳನ್ನು ನೋಡಿ ನೋಡಿ, ಒಂದರ ಪಟ್ಟಿ, ಇನ್ನೊಂದರ ಜೇಬು ಸೇರಿಸಿ ಬರೆದ ಚಿತ್ರಗಳು ಅವು. ಅದು ಅವಳಿಗೂ ಗೊತ್ತಿತ್ತು. ಸಂಜೆ ಅತ್ತೆ “ಇವತ್ತರ ಆತೇನವಾ?” ಎಂದು ಕೇಳಿದರೆ ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಕಾರ್ಖಾನೆಯ ಹಿರಿಯ ದರ್ಜಿ ಸಮಾಧಾನ. ಅರವತ್ತರ ಹತ್ತಿರದ ಮನುಷ್ಯ, ಮನೆಯ ಮಾತು ಮರಾಠಿ, ಕೆಲಸದ ಮಾತು ಕನ್ನಡ. ಒಂದು ಮಧ್ಯಾಹ್ನ ಅವರು ಅವಳ ಟೇಬಲ್ಲಿಗೆ ಬಂದು, ಬರೆದು ಹರಿದ ಕಾಗದಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಾ ಹೇಳಿದರು.

“ತಂಗಿ, ನಾ ಕಲಿಯೂಮುಂದ ನಮ್ಮ ಉಸ್ತಾದ್ರು ಬಟ್ಟಿ ಮುಟ್ಟಾಕ ಬಿಡ್ತಿರಲಿಲ್ಲ. ಸಂತಿಯೊಳಗ ನಿಂತು ಮಂದಿ ಅಂಗಿ ಎಲ್ಲಿ ಹರದೈತಿ ನೋಡಿ ಬಾ ಅಂತಿದ್ರು. ನೀನೂ ಒಂದೆರಡ ದಿನ ಬಸ್ಸಿನ್ಯಾಗ ಅಡ್ಡಾಡಿ ಬಾ. ಮಂದಿ ಏನು ಹೊರತಾರ, ಹೆಂಗ ಹೊರತಾರ ನೋಡು.”

“ಅಣ್ಣಾರು ಏನಂತಾರೋ, ಮಾಮಾ.” ಕಾಕಾಸಾಹೇಬರನ್ನು ಅಲ್ಲಿ ಎಲ್ಲರೂ ಅಣ್ಣಾರು ಎಂದೇ ಕರೆಯುತ್ತಿದ್ದರು.

“ಅವರಿಗಿ ನಾ ಹೇಳ್ತೀನಿ.”

ಮರುದಿನ ಅವಳು ಚಿಕ್ಕೋಡಿಯ ಬಸ್ಸು ಹತ್ತಿದಳು. ಕೋರ್ಟಿಗೆ ಹೋಗುವವರ ಕಾಗದಪತ್ರದ ಚೀಲ, ಕಾಲೇಜಿನ ಹುಡುಗಿಯರ ಬೆನ್ನಚೀಲ, ಸಂತೆಯ ವಯರಿನ ಬುಟ್ಟಿ, ಎಲ್ಲವನ್ನೂ ನೋಡಿ ಬರೆದುಕೊಂಡಳು. ಎಲ್ಲರೂ ಇದ್ದ ಚೀಲದಲ್ಲೇ ಸುಖವಾಗಿದ್ದಂತೆ ಕಂಡಿತು. ಚಿಕ್ಕೋಡಿಯಲ್ಲಿ ಇಳಿದು, ಸುಮ್ಮನೆ ವಾಪಸು ಹೋಗಲು ಮನಸ್ಸು ಬಾರದೆ, ಹೊರಟು ನಿಂತಿದ್ದ ಕರೋಶಿಯ ಬಸ್ಸಿಗೆ ಹತ್ತಿ ಕೂತಳು. ಕರೋಶಿ ಇನ್ನೂ ಸ್ವಲ್ಪ ದೂರ ಇರುವಾಗ ಬಸ್ಸು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರೊಂದು ಗಾಲಿ ಕಳಚಿ ರಸ್ತೆಗೆ ಅಡ್ಡ ಕೂತಿತ್ತು. ಜನ ಇಳಿದು ನೆರಳು ಹುಡುಕಿದರು. ಅವಳೂ ಇಳಿದಳು.

ರಸ್ತೆಯ ಆಚೆ ಸೋಯಾಬೀನ್ ಕಿತ್ತ ಹೊಲದಲ್ಲಿ ರಾತ್ರಿಗೆಂದು ಕುರಿ ತರುಬಿದ್ದರು. ಕುರಿ ಕೂಡಿದ್ದ ಬಲೆಯ ದಡ್ಡಿಯನ್ನು ಬಿಚ್ಚಿ ಮುಂದಿನ ಹೊಲಕ್ಕೆ ಹೊರಡುವ ಗಡಿಬಿಡಿ. ಒಬ್ಬ ಗಂಡಸು ಹಳೆಯ ಬೈಕಿಗೆ ಪಾತ್ರೆ, ಹಾಸಿಗೆ, ಗೂಟಗಳನ್ನು ಬಿಗಿಯುತ್ತಿದ್ದ. ಕೊನೆಗೆ ಗೊಬ್ಬರದ ಎರಡು ಹಳೆಯ ಖಾಲಿ ಚೀಲ ತಂದು ಹಿಂದಿನ ಸೀಟಿನ ಎರಡೂ ಬದಿಗೆ ಇಳಿಬಿಟ್ಟ. ಐವತ್ತರ ಹೆಂಗಸೊಬ್ಬಳು ಎರಡೂ ಕಂಕುಳಲ್ಲಿ ಒಂದೊಂದು ಎಳೆ ಮರಿ ಹಿಡಿದು ಬಂದು, ಅವುಗಳನ್ನು ಆ ಚೀಲಗಳಲ್ಲಿ ಇಳಿಸಿ, ಕೊಯ್ದ ತೂತಿನಿಂದ ಕುತ್ತಿಗೆ ಹೊರಗೆ ತಂದಳು. ಮರಿಗಳು ಬಾಯಿ ಬಿಟ್ಟು ಅರಚಿದವು. ದೂರದಲ್ಲಿ ಎರಡು ಕುರಿ ತಲೆ ಎತ್ತಿ ಉತ್ತರ ಕೊಟ್ಟವು.

ತ್ರಿಶಲಾ ಹತ್ತಿರ ಹೋಗಿ ನಿಂತಳು. ಒಂದು ಮರಿಯ ಗಂಟಲ ಕೆಳಗೆ, ಚೀಲದ ಅಂಚು ತಿಕ್ಕಿ ತಿಕ್ಕಿ, ಕೂದಲು ಹೋಗಿ ಚರ್ಮ ಕೆಂಪಾಗಿತ್ತು.

“ಇವಕ್ಕ ನೋವಾಗೂದಿಲ್ರಿ ಮಾವಶಿ?”

ಹೆಂಗಸು ಅವಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. “ಆಗತೈತಿ. ನಡಸ್ಕೊಂಡು ಹೋದ್ರ ಸಾಯ್ತಾವ. ಮೂರ ದಿನದ ಮರಿ ಇವು. ಎಂಟ ಮೈಲು ಹೆಂಗ ನಡದಾವು?”

ಅವಳ ಹೆಸರು ಸಕ್ಕುಬಾಯಿ. ಬೈಕಿಗೆ ಸಾಮಾನು ಬಿಗಿಯುತ್ತಿದ್ದವನು ಗಂಡ ಸಿದರಾಯ. ಊರು ಚಿಂಚಲಿ, ದಸರಾ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹೊರಟರೆ ಊರಿಗೆ ಮರಳುವುದು ಮಳೆ ಬೀಳುವ ಹೊತ್ತಿಗೆ. ತ್ರಿಶಲಾ ತನ್ನ ಕೆಲಸ ಏನೆಂದು ಹೇಳಿ, ಮರಿಗಳಿಗೆಂದೇ ಒಂದು ಚೀಲ ಮಾಡಿ ತರಲೇ ಎಂದು ಕೇಳಿದಳು. ಸಕ್ಕುಬಾಯಿ ಚೀಲದ ಹಗ್ಗ ಬಿಗಿಯುವುದರಲ್ಲೇ ಇದ್ದಳು. ಸಿದರಾಯ ಮಾತ್ರ ನಕ್ಕು ತನ್ನ ಫೋನ್ ನಂಬರು ಹೇಳಿದ. ತ್ರಿಶಲಾ ಮರಿಯ ಉದ್ದ, ಎತ್ತರ ಅಳೆದುಕೊಂಡಳು, ತೂಕ ಅಂದಾಜು ಮಾಡಿದಳು, ಬೈಕಿನ ಸೀಟು ಅಳೆದಳು, ಫೋಟೋ ತೆಗೆದಳು. ಬಸ್ಸು ಹಾರ್ನ್ ಹೊಡೆದದ್ದು ಅವಳಿಗೆ ಎರಡನೆಯ ಸಲಕ್ಕೆ ಕೇಳಿಸಿತು.

ಎಂಟು ದಿನದಲ್ಲಿ ಚೀಲ ತಯಾರಾಯಿತು. ನೀಲಿ ರೆಕ್ಸಿನ್ನು, ಒಳಗೆ ಮೆತ್ತಗಿನ ಫೋಮು, ಅದನ್ನು ಅಂಟಿಸಲು ಸೊಲ್ಯೂಶನ್, ಕುತ್ತಿಗೆಗೆ ದುಂಡಗೆ ಹೊಲಿದ ಅಂಚು, ಮೇಲೆ ಚೈನು. ಸಮಾಧಾನರು ರಜೆಯ ದಿನವೂ ಕೂತು ಹೊಲಿದುಕೊಟ್ಟಿದ್ದರು. ಕಾಕಾಸಾಹೇಬರು ಅದನ್ನು ಎತ್ತಿ ನೋಡಿ, “ಇದರ ಮಾಲಕನ ಹೆಸರರ ಗೊತ್ತೈತಿ ನಿನಗ” ಎಂದು ನಕ್ಕರು. ಆ ಸಲ ಬಸ್ಸಿನಲ್ಲಿ ತ್ರಿಶಲಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಹೆಂಗಸು ಇದೇನೆಂದು ಕೇಳಲಿ ಎಂದು ದಾರಿಯುದ್ದಕ್ಕೂ ಕಾದಳು.

ಹಿಂಡು ಆಗ ರಾಯಬಾಗದ ದಾರಿಯ ಒಂದು ಹೊಲದಲ್ಲಿತ್ತು. ಬೆಳಗಿನ ಜಾವ ಹುಟ್ಟಿದ ಮರಿಯೊಂದಿತ್ತು. ಅದನ್ನು ಹೊಸ ಚೀಲದಲ್ಲಿ ಕೂರಿಸಿ ಸಿದರಾಯ ಮುಂದಿನ ಹೊಲದವರೆಗೆ ಬೈಕು ಓಡಿಸಿದ. ಮರಿ ಅರಚಲಿಲ್ಲ. ನಿದ್ದೆ ಹೋಗಿತ್ತು. ತ್ರಿಶಲಾ ಫೋಟೋ ತೆಗೆದಳು. ಹಿಂಡು ಬಂದು ಸೇರಿದ ಮೇಲೆ ಅದನ್ನು ತಾಯಿಯ ಮುಂದೆ ಬಿಟ್ಟರು.

ತಾಯಿ ಓಡಿ ಬಂತು, ಮೂಸಿತು, ಒಂದು ಹೆಜ್ಜೆ ಹಿಂದೆ ಸರಿಯಿತು. ಮರಿ ಕೆಚ್ಚಲಿಗೆ ಬಾಯಿ ಹಾಕಲು ಹೋದಾಗ ತಲೆ ತಗ್ಗಿಸಿ ಗುದ್ದಿತು. ಮರಿ ಉರುಳಿಬಿತ್ತು. ಎದ್ದು ಮತ್ತೆ ಹೋಯಿತು. ತಾಯಿ ಮತ್ತೆ ಗುದ್ದಿತು.

ಸಕ್ಕುಬಾಯಿ ಮರಿಯನ್ನು ಎತ್ತಿ ಅದರ ಬೆನ್ನಿಗೆ ಮೂಗು ಹಚ್ಚಿದಳು. ಆಮೇಲೆ ಚೀಲದೊಳಗೆ ತಲೆ ಹಾಕಿ ಮೂಸಿದಳು.

“ಅಂಟಿನ ವಾಸನಿ,” ಅಂದಳು. “ಇದು ನನ್ನ ಮರಿ ಅಲ್ಲ ಅನ್ನಾಕತ್ತೈತಿ ಅದು.”

“ಈಗ ಏನ ಆಗತೈತ್ರಿ?”

“ಹಾಲ ಕೊಡಲಿಲ್ಲಂದ್ರ ಮರಿ ಹೋಗತೈತಿ.”

ದಾರಿಯಲ್ಲಿ ಇರುವೆ ಕಂಡರೆ ಸುತ್ತಿ ಹೋಗಬೇಕು ಎಂದು ಕಲಿಸಿದ ಮನೆಯಲ್ಲಿ ಬೆಳೆದವಳು ತ್ರಿಶಲಾ. ಒಂದು ಜೀವಕ್ಕೆ ಸುಖವಾಗಲಿ ಎಂದು ಮಾಡಿದ ವಸ್ತು ಆ ಜೀವವನ್ನು ತಾಯಿಯಿಂದ ಅಗಲಿಸಿತ್ತು. ಬೈಯುತ್ತಾಳೆ ಎಂದು ಕಾದಳು. ಸಕ್ಕುಬಾಯಿ ಬೈಯಲಿಲ್ಲ. ಸೀರೆಯ ನೆರಿಗೆ ಎತ್ತಿ ಕಟ್ಟಿ, “ಕುರಿ ಕುತ್ತಿಗಿ ಹಿಡಿ ಬಾ ತಂಗಿ. ಗಟ್ಟಿ ಹಿಡಿ, ಅದಕ್ಕ ಹೆದರಬ್ಯಾಡ” ಅಂದಳು.

ಕುರಿಯನ್ನು ಗೂಟಕ್ಕೆ ಕಟ್ಟಿದರು. ಸಕ್ಕುಬಾಯಿ ಬೆಚ್ಚಗಿನ ನೀರಲ್ಲಿ ಮರಿಯ ಮೈ ಒರೆಸಿ, ಅದೇ ಕುರಿಯ ಹಾಲು ಹಿಂಡಿ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿದಳು. ಕುರಿಯ ಒಂದು ಹಿಂಗಾಲು ಎತ್ತಿ ಹಿಡಿದು ಮರಿಯ ಬಾಯಿಗೆ ಮೊಲೆ ಕೊಟ್ಟಳು. ಕುರಿ ಒದ್ದಾಡಿತು. ತ್ರಿಶಲಾ ಅದರ ಕುತ್ತಿಗೆ ತಬ್ಬಿ ಹಿಡಿದು ಮಣ್ಣಲ್ಲಿ ಮೊಣಕಾಲೂರಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಹೀಗೆ ಮಧ್ಯಾಹ್ನ ಇಳಿಯಿತು.

ನಡುನಡುವೆ ಮಾಡಲು ಏನೂ ಇಲ್ಲದ ಹೊತ್ತಿನಲ್ಲಿ ತ್ರಿಶಲಾ ಸುಮ್ಮನೆ ನೋಡುತ್ತಾ ಕೂತಳು. ಅಳತೆ ಪಟ್ಟಿ ಅವಳ ಹೆಗಲಚೀಲದಲ್ಲೇ ಉಳಿದಿತ್ತು. ಇನ್ನೊಂದು ಮರಿಯನ್ನು ಸಕ್ಕುಬಾಯಿ ಎತ್ತಿಕೊಂಡಾಗ ಅದರ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಮಡಿಸಿಕೊಳ್ಳುವಂತೆ ಕೂರಿಸುತ್ತಿದ್ದಳು; ಗೊಬ್ಬರದ ಚೀಲದಲ್ಲಾಗಲಿ ನೀಲಿ ಚೀಲದಲ್ಲಾಗಲಿ ಮರಿ ಕಾಲು ಇಳಿಬಿಟ್ಟು ತೂಗುತ್ತಿತ್ತು. ಅವಳ ಒಂದು ಕೈ ಯಾವಾಗಲೂ ಮರಿಯ ಎದೆಯ ಕೆಳಗೇ ಇರುತ್ತಿತ್ತು, ಮಿಕ್ಕ ಕೆಲಸವೆಲ್ಲ ಇನ್ನೊಂದು ಕೈಯದು. ಮರಿಯನ್ನು ಸುತ್ತುವ ಕಂಬಳಿಯ ತುಂಡು ಕೊಳೆಯಾಗಿ ಎಣ್ಣೆಗಟ್ಟಿತ್ತು.

“ಇದನ್ನ ಒಗಿಯಂಗಿಲ್ಲೇನ್ರಿ?”

“ಒಗದ್ರ ಹೋಗಿಬಿಡ್ತೈತಲ್ಲ. ನಮ್ಮ ಹಟ್ಟಿ ವಾಸನಿ ಇದರಾಗ ಐತಿ. ಇದರಾಗ ಸುತ್ತಿದ ಮರಿ ಯಾವತ್ತೂ ತಾಯಿಗಿ ಬ್ಯಾರೆ ಆಗಿಲ್ಲ.”

ಬಿಸಿಲು ಹಳದಿಯಾಗುವ ಹೊತ್ತಿಗೆ ಸಕ್ಕುಬಾಯಿ ರೊಟ್ಟಿ ಬಿಚ್ಚಿದಳು. “ನೀವು ಹೊತ್ತು ಮುಳುಗಿದ ಮ್ಯಾಲ ಉಣ್ಣಂಗಿಲ್ಲಲ್ಲ. ಈಗ ಉಣ್ಣು,” ಅಂದಳು. ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯ ಡಬ್ಬಿ ತೆಗೆದವಳು ಮತ್ತೆ ಮುಚ್ಚಿಟ್ಟಳು. “ಇದರಾಗ ಬಳ್ಳೊಳ್ಳಿ ಐತಿ, ನಿನಗ ಬ್ಯಾಡ.” ರೊಟ್ಟಿ ಮುರಿದು ಆಡಿನ ಹಾಲಲ್ಲಿ ನೆನೆಸಿ ಕೊಟ್ಟಳು. ತ್ರಿಶಲಾಳ ಜಾತಿ ಯಾವುದೆಂದು ಅವಳು ಕೇಳಿಯೇ ಇರಲಿಲ್ಲ, ಹೆಸರು ಕೇಳಿಯೇ ಜೈನರ ಹುಡುಗಿ ಎಂದು ತಿಳಿದುಕೊಂಡಿದ್ದಳು. ಬೆಳಗಿನಿಂದ ಏನೂ ತಿನ್ನದ ತ್ರಿಶಲಾ ತಲೆ ತಗ್ಗಿಸಿ ಉಂಡಳು. ಕಣ್ಣು ತುಂಬಿದ್ದು ಕಾಣಬಾರದು ಎಂದು ತಲೆ ಎತ್ತಲಿಲ್ಲ.

“ತಪ್ಪಾತ್ರಿ ಮಾವಶಿ.”

“ತಪ್ಪು ನಂದೂ ಐತಿ. ಚೀಲ ತಂದ ಕೂಡಲೆ ಮೂಸಬೇಕಿತ್ತು. ಬಣ್ಣ ನೋಡಿ ಮರತೆ.” ಅವಳು ರೊಟ್ಟಿಯ ಬಟ್ಟೆ ಕೊಡವಿದಳು. “ಮುಂದಿಂದಕ್ಕ ಬರಕೋ.”

ಹೊತ್ತು ಮುಳುಗಲು ಇನ್ನೂ ಒಂದು ಮಾರು ಇರುವಾಗ ಕುರಿ ತಾನಾಗಿಯೇ ಮರಿಯ ಬಾಲ ಮೂಸಿ, ಒಮ್ಮೆ ನೆಕ್ಕಿತು. ಆಮೇಲೆ ಇನ್ನೊಮ್ಮೆ. ಸಕ್ಕುಬಾಯಿ ಹಗ್ಗ ಬಿಚ್ಚಿದಳು. ಕುರಿ ಎಲ್ಲಿಗೂ ಹೋಗಲಿಲ್ಲ. ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯಿತು. ಸಿದರಾಯ ತ್ರಿಶಲಾಳನ್ನು ಬೈಕಿನಲ್ಲಿ ಚಿಕ್ಕೋಡಿಯ ಸ್ಟ್ಯಾಂಡಿಗೆ ಬಿಟ್ಟು ಬಂದ.

ಮರುದಿನ ಅವಳು ಕಾಕಾಸಾಹೇಬರಿಗೆ ನಡೆದದ್ದನ್ನೆಲ್ಲ ಹೇಳಿದಳು. ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಮೇಜಿನ ಮೇಲಿನ ದಾರದ ಉಂಡೆಯನ್ನು ಆಚೆ ಈಚೆ ಉರುಳಿಸಿದರು.

“ನನಗೊಂದು ಬ್ಯಾರೆ ವಿಚಾರ ಕೊರ್ಯಾಕತ್ತೈತಿ,” ಅಂದರು. “ಆ ಮರಿ ದೊಡ್ಡವಾಗಿ ಎಲ್ಲಿ ಹೋಗ್ತಾವ ಅನ್ನೂದು ನಿನಗೂ ಗೊತ್ತು, ನನಗೂ ಗೊತ್ತು. ನಾವು ಜೈನರು. ಇದರಾಗ ನಾವು ಕೈ ಹಾಕೂದು ಬರೋಬರಿ ಏನು?”

ಅತ್ತೆಯೂ ಹಿಂದಿನ ರಾತ್ರಿ ಅದನ್ನೇ ಕೇಳಿದ್ದಳು. ತ್ರಿಶಲಾ ಹಾಸಿಗೆಯಲ್ಲಿ ಹೊರಳಾಡುತ್ತಾ ಯೋಚಿಸಿದ್ದಳು.

“ಅದನ್ನ ತಪ್ಪಿಸೂದು ನನ್ನ ಕೈಯಾಗ ಇಲ್ರಿ ಅಣ್ಣಾರ. ಆದ್ರ ಈ ಚೀಲದಾಗ ಕೂಡ್ರೂದು ಎರಡ ಮೂರ ದಿನದ ಮರಿ. ಕುತ್ತಿಗಿ ಕೆತ್ತಿ ಕೆಂಪಾಗಾಕತ್ತೈತಿ. ಅಷ್ಟರ ತಪ್ಪಸಬಹುದು. ಅಷ್ಟಕ್ಕೂ ಸುಮ್ನ ಕೂತ್ರ ನನಗ ಸಮಾಧಾನ ಆಗೂದಿಲ್ಲ.”

ಮಷಿನ್ನಿನ ಹಿಂದಿನಿಂದ ಸಮಾಧಾನರು, “ನಾ ಇದ್ದೀನಲ್ಲ,” ಅಂದರು. ಇಬ್ಬರಿಗೂ ನಗು ಬಂತು. ಕಾಕಾಸಾಹೇಬರು ಉಂಡೆಯನ್ನು ಪಕ್ಕಕ್ಕಿಟ್ಟು, “ಮಾಡ್ರಿ. ಈ ಸಲ ನಾನೂ ಬರ್ತೀನಿ,” ಅಂದರು.

ಎರಡನೆಯ ಚೀಲಕ್ಕೆ ಅವರು ಅಂಟು ಮುಟ್ಟಲಿಲ್ಲ. ಎಲ್ಲವೂ ಹೊಲಿಗೆ. ದಪ್ಪ ಕ್ಯಾನ್ವಾಸಿಗೂ ಗಂಜಿಯ ವಾಸನೆ ಇರುತ್ತದೆ ಎಂದು ನೆನಪಿಸಿದವರು ಸಮಾಧಾನರೇ. ಅದನ್ನು ಎರಡು ಸಲ ಕುದಿಸಿ ಒಗೆದು, ಗೋದಾಮಿನ ಮಾಳಿಗೆಯ ಮೇಲೆ ಮೂರು ದಿನ ಬಿಸಿಲಿಗೆ ಹಾಕಿದರು. ತಳಕ್ಕೆ ಉಚ್ಚೆ ಇಳಿದು ಹೋಗುವಂತೆ ಗೋಣಿ ನಾರಿನ ಜಾಳಿಗೆ. ಮರಿ ಕಾಲು ಮಡಿಸಿ ಕೂರುವಷ್ಟು ಅಗಲ, ಎದೆಯ ಕೆಳಗೆ ಅಂಗೈ ಹಿಡಿದಂತೆ ಒಂದು ಅಗಲದ ಪಟ್ಟಿ, ಅದನ್ನು ಬಿಗಿಯಲು ಒಂದು ಕ್ಲಿಪ್ಪು. ಒಳಗೆ ಮೆತ್ತೆ ಏನೂ ಇಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಲಾಡಿ ಮಾತ್ರ. ಕುರುಬರು ತಮ್ಮದೇ ಕಂಬಳಿಯ ತುಂಡನ್ನು ಅಲ್ಲಿ ಕಟ್ಟಿಕೊಳ್ಳಬೇಕು. ಹಟ್ಟಿಯ ವಾಸನೆ ಕಾರ್ಖಾನೆಯಲ್ಲಿ ಹುಟ್ಟುವುದಲ್ಲ ಎಂದು ತ್ರಿಶಲಾಳಿಗೆ ಅರ್ಥವಾಗಿತ್ತು.

ಡಿಸೆಂಬರಿನ ಒಂದು ಬೆಳಗ್ಗೆ ಕಾಕಾಸಾಹೇಬರ ಕಾರಿನಲ್ಲಿ ಮೂವರೂ ಹೋದರು. ಸಕ್ಕುಬಾಯಿ ಈ ಸಲ ಮೊದಲು ಚೀಲವನ್ನು ತೆಗೆದುಕೊಂಡು ಹೊರಗೂ ಒಳಗೂ ಮೂಸಿದಳು. ಆಮೇಲೆ ಕಂಬಳಿ ಕಟ್ಟಿದಳು. ಮರಿ ಕೂತಿತು, ಬೈಕು ಹೊರಟಿತು, ಹಿಂಡು ಹಿಂದೆ ನಡೆಯಿತು. ಮುಂದಿನ ಹೊಲ ತಲುಪಿದ ಮೇಲೆ ಮರಿಯನ್ನು ಬಿಟ್ಟಾಗ ತ್ರಿಶಲಾ ಮುಖ ಆಚೆ ತಿರುಗಿಸಿ ನಿಂತಿದ್ದಳು. ನೋಡುವ ಧೈರ್ಯ ಇರಲಿಲ್ಲ. ಕಾಕಾಸಾಹೇಬರೇ ಹೇಳಿದರು: “ತಿರುಗಿ ನೋಡವಾ, ಹಾಲು ಕುಡ್ಯಾಕತ್ತೈತಿ.”

ಸಕ್ಕುಬಾಯಿ ಹೊಗಳಲಿಲ್ಲ. “ಈ ಕ್ಲಿಪ್ಪು ತಗಿ,” ಅಂದಳು. “ಇದಕ್ಕ ಎರಡ ಕೈ ಬೇಕು. ನನ್ನ ಒಂದ ಕೈಯಾಗ ಮರಿ ಇರತೈತಿ.” ಸಮಾಧಾನರು ಅಲ್ಲೇ ಬದುವಿನ ಮೇಲೆ ಕೂತು ಕ್ಲಿಪ್ಪು ಬಿಚ್ಚಿ, ಬೇಲಿಯ ಕಡ್ಡಿಯೊಂದನ್ನು ಗುಂಡಿಯಂತೆ ಕೆತ್ತಿ ಹೊಲಿದರು. ಹೆಬ್ಬೆರಳಿನಿಂದ ಒತ್ತಿದರೆ ಬಿಚ್ಚುತ್ತಿತ್ತು. ಸಕ್ಕುಬಾಯಿ ಅದನ್ನು ಹತ್ತು ಸಲ ಹಾಕಿ ತೆಗೆದು ನೋಡಿದಳು. ಆಮೇಲೆ ಆ ಹಿರಿಯ ದರ್ಜಿಗೆ ಮೊದಲು, ಸಾಹುಕಾರರಿಗೆ ಆಮೇಲೆ, ಚಹಾ ಕೊಟ್ಟಳು.

ಸಂಕ್ರಾಂತಿ ಹೊತ್ತಿಗೆ ಸಿದರಾಯನ ಫೋನಿನಿಂದ ಹೋದ ಫೋಟೋ ಅಥಣಿ, ರಾಯಬಾಗದ ಕಡೆಯ ಹತ್ತಾರು ಹಟ್ಟಿಗಳನ್ನು ಸುತ್ತಿ ಬಂದಿತ್ತು. ಕಾರ್ಖಾನೆಯ ಎರಡು ಮಷಿನ್ನು ಬರೀ ಮರಿಚೀಲ ಹೊಲಿಯುತ್ತಿದ್ದವು. ಅದರಿಂದ ಕಾರ್ಖಾನೆ ದೊಡ್ಡದೇನೂ ಆಗಲಿಲ್ಲ. ಆದರೆ ಕೊಲ್ಹಾಪುರದ ಫೋನಿಗೆ ಕಾದು ಕೂರುವುದು ತಪ್ಪಿತು. ತ್ರಿಶಲಾ ಈಗ ವಾರದಲ್ಲಿ ಎರಡು ದಿನ ಹೊರಗೇ ಇರುತ್ತಿದ್ದಳು. ಹಾಲಿನ ಡೇರಿ, ಕಬ್ಬಿನ ಗದ್ದೆ, ದವಾಖಾನೆಯ ಸಾಲು, ಎಲ್ಲೆಂದರಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದಳು.

ಜನವರಿಯ ಕೊನೆಗೆ ಅವಳು ಮತ್ತೆ ಸಕ್ಕುಬಾಯಿಯನ್ನು ಹುಡುಕಿಕೊಂಡು ಹೋದಳು. ಚೀಲದ ಮೇಲೆ ಹಾಕಲು ಒಂದು ಹೆಸರು ಬೇಕು ಎಂದು ಕಾಕಾಸಾಹೇಬರು ಕೇಳಿದ್ದರು. ಯಾವ ಹೆಸರು ಎಂಬುದರಲ್ಲಿ ಅವಳಿಗೆ ಎರಡನೆಯ ಮಾತೇ ಇರಲಿಲ್ಲ. ಅದಕ್ಕೂ ಮೊದಲು ಕೇಳಬೇಕಾದ ಒಂದು ಮಾತು ಅವಳ ಮನಸ್ಸಿನಲ್ಲಿ ಬಹಳ ದಿನದಿಂದ ಉಳಿದಿತ್ತು.

“ಮಾವಶಿ, ಅವತ್ತು ನನ್ನಿಂದ ಮರಿ ಸಾಯೂದಿತ್ತು. ಮತ್ತ ಯಾಕ ನನ್ನ ಹತ್ರ ಕೂಡ್ರಿಸ್ಕೊಂಡ್ರಿ? ಹೋಗು ಅನ್ನಬೇಕಿತ್ತಲ್ರಿ.”

ಸಕ್ಕುಬಾಯಿ ಉಣ್ಣೆ ನೂಲುತ್ತಿದ್ದಳು. ಕದಿರು ನಿಲ್ಲಿಸಲಿಲ್ಲ.

“ರಸ್ತೆದಾಗ ಗಾಡಿ ನಿಲ್ಲಿಸಿ ಫೋಟೋ ಹೊಡ್ಕೊಂಡು ಹೋಗಾವ್ರು ಭಾಳ ಮಂದಿ. ಔಷಧ ಕಳಸ್ತೀವಿ, ಟೆಂಟ ಕಳಸ್ತೀವಿ ಅಂತಾರ. ತಿರುಗಿ ಬಂದಾಕಿ ನೀನೊಬ್ಬಾಕಿ. ಬಂದು, ಕೆಟ್ಟ ಮ್ಯಾಲೂ ಓಡಿ ಹೋಗದ ಕುರಿ ಕುತ್ತಿಗಿ ಹಿಡಕೊಂಡು ಕೂತಿ.” ನೂಲು ಸುತ್ತಿ ಅವಳು ಮುಖ ಎತ್ತಿದಳು. “ಮತ್ತ ನನ್ನ ಯಾರೂ ಏನೂ ಕೇಳಿರಲಿಲ್ಲ, ತಂಗಿ. ಮದಿವಿ ಆದಾಗಿಂದ ಮರಿ ಹೊರಾಕತ್ತೀನಿ. ಹೆಂಗ ಹೊರತಿ ಅಂತ ಕೇಳಿದಾಕಿ ನೀನ.”

ತ್ರಿಶಲಾ ಬಗ್ಗಿ ಅವಳ ಕಾಲು ಮುಟ್ಟಿದಳು. ಪುಣೆಯಲ್ಲಿ ನಾಲ್ಕು ವರ್ಷ ಕಲಿಸಿದವರನ್ನು ಅವಳು ಮರೆತಿರಲಿಲ್ಲ, ಅವರ ಋಣವೂ ಇತ್ತು. ಆದರೆ ಕೆಲಸ ಕಲಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ಈ ಹೊಲದ ಹೆಸರು ಹೇಳಬೇಕು ಎಂದು ಆ ಗಳಿಗೆಯಲ್ಲಿ ಅವಳಿಗೆ ಅನಿಸಿತು.

“ಏಳು, ಏಳು. ಸಗಣಿ ಐತಿ ಅಲ್ಲಿ,” ಎಂದಳು ಸಕ್ಕುಬಾಯಿ.

ಹೆಸರಿನ ಮಾತು ತೆಗೆದಾಗ ಮಾತ್ರ ಅವಳು ಒಪ್ಪಲಿಲ್ಲ. “ನನ್ನ ಹೆಸರು ಬರದ್ರ ಓದಾವ್ರು ಯಾರು? ನಮ್ಮ ಹಟ್ಟಿಗಳಾಗ ಅರ್ಧ ಮಂದಿಗಿ ಅಕ್ಷರ ಬರಂಗಿಲ್ಲ. ಅದರ ಬದಲಿ ಒಂದು ಮರಿ ಚಿತ್ರ ಹಾಕು. ಯಾವ ಕಡಿ ಮ್ಯಾಲ, ಯಾವ ಕಡಿ ಮಾರಿ ಹೊರಗ ಬರಬೇಕು ಅನ್ನೂದು ನೋಡಿದ ಕೂಡಲೆ ತಿಳೀತೈತಿ. ಮೊನ್ನೆ ನಮ್ಮವನೊಬ್ಬ ಉಲ್ಟಾ ಕಟಗೊಂಡು ಬಂದಿದ್ದ.”

ತ್ರಿಶಲಾ ಅಲ್ಲೇ ಕೂತು ಹಾಳೆ ತೆಗೆದು ಮರಿಯ ಚಿತ್ರ ಬರೆದಳು. ಸಕ್ಕುಬಾಯಿ ಕದಿರು ಪಕ್ಕಕ್ಕಿಟ್ಟು, ಹತ್ತಿರದಲ್ಲೇ ಆಡುತ್ತಿದ್ದ ಮರಿಯೊಂದನ್ನು ಹಿಡಿದು ತಂದು ಅವಳ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡಳು.

“ಕಿವಿ ನಿಂತಾವಲ್ಲ ಹಂಗ? ನಮ್ಮ ಕುರಿ ಕಿವಿ ಜೋತ ಬೀಳ್ತಾವ. ನೋಡು, ಹಿಂಗ.”

ಅವಳು ಮರಿಯ ಕಿವಿಯನ್ನು ಬೆರಳಲ್ಲಿ ಹಿಡಿದು ತೋರಿಸಿದಳು. ತ್ರಿಶಲಾ ರಬ್ಬರಿನಿಂದ ಅಳಿಸಿ, ಮರಿಯನ್ನು ನೋಡಿ ನೋಡಿ ಕಿವಿಯನ್ನು ಮತ್ತೆ ಬರೆಯತೊಡಗಿದಳು.